ಅಳತೆಗೆ ಅಯ್ಯೋ ಬೇಡ

ಮೂರುಗಲ್ಲು, ಹೊಳೆದಂಡೆ
ಶ್ರಾವಣ ಐವತ್ತಮೂರು, ಬೆಳಗಿನ ಹೊತ್ತು

ನಮಗಿಂತ ಎಂಟು ತಲೆಮಾರು ಹಿಂದಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಶ್ರಾವಣಕ್ಕೆ ಐವತ್ತಮೂರು ದಿನ ಎಲ್ಲಿಂದ ಬಂದವು ಎಂದು ಕೇಳುವ ಹಕ್ಕು ನಿಮಗಿಲ್ಲ, ಅದರ ಬೀಜ ಬಿತ್ತಿದವರು ನೀವೇ. ನಮ್ಮಲ್ಲಿ ತಿಂಗಳು ಮುಗಿಯುವುದು ಚಂದ್ರನನ್ನು ನೋಡಿ ಅಲ್ಲ, ಊರಿನ ಮನಸ್ಸು ತುಂಬಿತೋ ಇಲ್ಲವೋ ಎಂಬುದನ್ನು ನೋಡಿ. ಈ ಸಲ ಅಮಾವಾಸ್ಯೆಯ ದಿನ ಸಭೆಯಲ್ಲಿ ಯಾರೋ ಎದ್ದುನಿಂತು, ಇಷ್ಟು ಬೇಗ ಶ್ರಾವಣವನ್ನು ಕಳಿಸಿಕೊಡಲು ಎದೆ ಒಪ್ಪುತ್ತಿಲ್ಲ ಎಂದು ಗದ್ಗದರಾದರು. ಎಲ್ಲರೂ ಕಣ್ಣೊರೆಸಿಕೊಂಡರು. ತಿಂಗಳು ಮುಂದುವರಿಯಿತು. ಹೊಳೆ ಮಾತ್ರ ತನ್ನ ಹಳೆಯ ಲೆಕ್ಕದಲ್ಲೇ ಏರುತ್ತಿದೆ.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸುತ್ತವೆ. ನಿಮ್ಮ ಬಾಯಲ್ಲಿ ಹುಟ್ಟಿದ ಪದಗಳೇ ನಮ್ಮ ಕೈಗೆ ಬರುವಷ್ಟರಲ್ಲಿ ಬೇರೆ ವೇಷ ಹಾಕಿಕೊಂಡಿವೆ. ಅದಕ್ಕೆ ಕ್ಷಮೆ ಇರಲಿ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ಮಿಕ್ಕಿದ್ದಕ್ಕೆಲ್ಲ ಕೇಳಬೇಕಾದವರು ನೀವು.

ನನ್ನ ಹೆಸರು ಫಕೀರವ್ವ ಅಳತಿ. ವಯಸ್ಸು ಅರವತ್ತೊಂದು. ನಮ್ಮ ಮನೆತನದ ಕಸುಬು ಹೊಳೆಯ ನೀರನ್ನು ಅಳೆದು ಊರಿಗೆ ಕೂಗಿ ಹೇಳುವುದು. ನಮ್ಮೂರಿಗೆ ಮೂರುಗಲ್ಲು ಎಂಬ ಹೆಸರು ಬಂದದ್ದೇ ದಡದ ಇಳಿಜಾರಿನಲ್ಲಿ ನೆಟ್ಟ ಮೂರು ಕಲ್ಲುಗಳಿಂದ. ದಡದ ಬುಡದಲ್ಲಿ ಒಂದು ಚಪ್ಪಡಿ ಇದೆ. ಅದರ ಮೇಲೆ ಮನುಷ್ಯ ನಿಂತಾಗ ನೀರು ಪಾದ ಮುಟ್ಟಿದರೆ ಅದು ಕಾಲುಗಲ್ಲಿನ ಮಟ್ಟ, ಸೊಂಟ ಮುಟ್ಟಿದರೆ ಸೊಂಟಗಲ್ಲಿನ ಮಟ್ಟ, ಹಣೆ ಮುಟ್ಟಿದರೆ ಹಣೆಗಲ್ಲಿನದು. ಒಂದೊಂದು ಕಲ್ಲಿನ ಮೇಲೂ ಬೆರಳಗಲಕ್ಕೊಂದು ಗೆರೆ ಕೊರೆದಿದೆ. ಕಾಲುಗಲ್ಲಿಗೆ ನೀರು ಬಂದರೆ ದನ ಬಿಚ್ಚಬೇಕು, ಸೊಂಟಗಲ್ಲಿಗೆ ಬಂದರೆ ಕಾಳಿನ ಚೀಲ ಅಟ್ಟಕ್ಕೇರಿಸಬೇಕು, ಹಣೆಗಲ್ಲು ಮುಟ್ಟುವ ಮೊದಲು ಊರು ಬಿಟ್ಟು ದಿಬ್ಬ ಸೇರಬೇಕು. ಸೊಂಟಕ್ಕೆ ನಾಲ್ಕು ಬೆರಳು ಎಂದು ನಾನು ಕೂಗಿದರೆ, ಸೊಂಟಗಲ್ಲು ಮುಟ್ಟಲು ಇನ್ನು ನಾಲ್ಕೇ ಬೆರಳು ಬಾಕಿ ಎಂದು ಅರ್ಥ. ಮೂರು ಸಲ ಕೂಗಬೇಕು, ಮೂರು ಸಲವೂ ಒಂದೇ ದನಿಯಲ್ಲಿ.

ನಮ್ಮ ಮನೆತನದಲ್ಲಿ ಒಂದೇ ಒಂದು ಕಟ್ಟಳೆ: ಅಳತೆಗೆ ಅಯ್ಯೋ ಸೇರಿಸಬಾರದು. ನಮ್ಮ ಮುತ್ತಜ್ಜನೊಬ್ಬ ಒಮ್ಮೆ ಗಾಬರಿಬಿದ್ದು, ಅಯ್ಯೋ ಸೊಂಟಕ್ಕೆ ಒಂದು ಗೇಣು, ಎಂದು ಕೂಗಿದನಂತೆ. ಊರಿನವರಿಗೆ ಅಯ್ಯೋ ಕೇಳಿಸಿತು, ಗೇಣು ಕೇಳಿಸಲಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ಎದ್ದೆವೋ ಬಿದ್ದೆವೋ ಎಂದು ಓಡಿ ಇಬ್ಬರು ತುಳಿತಕ್ಕೆ ಸಿಕ್ಕು ಸತ್ತರು. ಆ ವರ್ಷ ನೀರು ಸೊಂಟಗಲ್ಲನ್ನು ಮುಟ್ಟಲೇ ಇಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ಮಾತು ಬರುವ ಮೊದಲೇ ಈ ಕಟ್ಟಳೆ ಬರುತ್ತದೆ.

ಇವತ್ತು ಬೆಳಿಗ್ಗೆ ನೀರು ಸೊಂಟಕ್ಕೆ ಒಂದು ಗೇಣು. ಬರೆಯಲು ಹೊತ್ತಿದೆ.

ಈಗ ನಮ್ಮ ಲೋಕದ ಎರಡು ಮಾತು. ನಿಮ್ಮ ಕಾಲದಲ್ಲಿ ರಮ್ಯ ಎಂದರೆ ಚೆಲುವಾದದ್ದು, ಮನಸ್ಸಿಗೆ ಹಿತವಾದದ್ದು ಎಂದು ಅರ್ಥವಿತ್ತಂತೆ. ಕವಿತೆಯ ಒಂದು ಪಂಥಕ್ಕೂ ಆ ಹೆಸರಿತ್ತಂತೆ. ನಮ್ಮಲ್ಲಿ ಅದು ಆಡಳಿತದ ಮುದ್ರೆ. ಯಾವ ಅರ್ಜಿ, ಯಾವ ಕಾನೂನು, ಯಾವ ಮದುವೆಯೇ ಇರಲಿ, ಅದರ ಮೇಲೆ ರಮ್ಯ ಎಂಬ ಕೆಂಪು ಮುದ್ರೆ ಬಿದ್ದರೆ ಊರ್ಜಿತ. ಬೀಳದಿದ್ದರೆ ಒಣ ಎಂಬ ಬೂದು ಮುದ್ರೆ ಒತ್ತಿ ಮೂಲೆಗೆ ಎಸೆಯುತ್ತಾರೆ. ಯಾವುದು ರಮ್ಯ, ಯಾವುದು ಒಣ ಎಂದು ಹೇಳುವುದು ಮಿಡಿಗೋಲು. ಅದು ಮೊಳದುದ್ದದ ಗಾಜಿನ ಕೋಲು. ಸಭೆಯಲ್ಲಿ ಮಾತಾಡುವವರು ಅದನ್ನು ಮುಷ್ಟಿಯಲ್ಲಿ ಹಿಡಿಯಬೇಕು. ನಾಡಿ ಬಡಿದಂತೆ, ದನಿ ನಡುಗಿದಂತೆ ಕೋಲು ಬೆಳಗುತ್ತದೆ. ಹೆಚ್ಚು ಬೆಳಗಿದವರ ಮಾತು ನಡೆಯುತ್ತದೆ. ಹೇಳಿದ್ದು ನಿಜವೋ ಸುಳ್ಳೋ ಎಂದು ಕೋಲು ಕೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಎದೆಯಿಂದ ಬಂದದ್ದು ಸುಳ್ಳಾಗಲು ಹೇಗೆ ಸಾಧ್ಯ ಎನ್ನುತ್ತಾರೆ.

ಮನೆಯೊಳಗೂ ಇದೇ ಪಾಡು. ರೊಟ್ಟಿ ಬಡಿಯುವ ಮೊದಲು ಹಿಟ್ಟಿನ ಮುಂದೆ ಕೂತು ಅದರ ಮೇಲೆ ಮನಸ್ಸಿದೆಯೇ ಎಂದು ನೋಡಿಕೊಳ್ಳಬೇಕು. ಮನಸ್ಸಿಲ್ಲದೆ ಬಡಿದ ರೊಟ್ಟಿ ಒಣ ಎಂದು ಒಬ್ಬ ಪರೀಕ್ಷಕ ಬಂದು ಹೇಳಿದಾಗ, ನನ್ನ ನಾದಿನಿ ಕೆಂಚವ್ವ, “ಒಣಾ ಇದ್ರನ ಚಲೋರಿ, ಹದಿನೈದ್ ದಿನಾ ಇರ್ತೈತಿ” ಎಂದಳು. ಅದಕ್ಕೆ ಅವಳಿಗೆ ಒಂದು ವಾರ ಸೂರ್ಯಾಸ್ತ ನೋಡುವ ಶಿಕ್ಷೆಯಾಯಿತು. ನಮ್ಮ ವೈದ್ಯರು ರೋಗಿಯ ಕೈ ಹಿಡಿದು ಮರುಗುವುದನ್ನು ಐದು ವರ್ಷ ಕಲಿಯುತ್ತಾರೆ, ಔಷಧಿಯನ್ನು ಆರು ತಿಂಗಳು. ಶಾಲೆಯಲ್ಲಿ ಮಗ್ಗಿ ಹೇಳಿಕೊಡುವುದಿಲ್ಲ, ಅದು ಮಕ್ಕಳ ಒಳದನಿಯನ್ನು ಅಡಗಿಸುತ್ತದಂತೆ. ಹೆಸರುಗಳೂ ಹಾಗೆಯೇ. ನಮ್ಮೂರ ದರ್ಜಿಯ ಹೆಸರು ವಿರಹಕುಮಾರ, ಆರು ಮಕ್ಕಳ ತಂದೆ. ನಮ್ಮನ್ನು ಆಳುವವನ ಹೆಸರು ತುಡಿತರಾಜ. ಅವನ ಹುದ್ದೆಗೆ ಮಿಡಿನಾಯಕ ಎನ್ನುತ್ತೇವೆ. ಅವನು ಇಪ್ಪತ್ತು ವರ್ಷದಲ್ಲಿ ಒಂದು ಕಾಲುವೆಯನ್ನೂ ತೋಡಿಸಿಲ್ಲ, ಆದರೆ ಕಾಲುವೆಯ ಬಗ್ಗೆ ಅವನು ಮಾತಾಡಿದರೆ ಕೋಲು ಹಗಲನ್ನೂ ನಾಚಿಸುವಷ್ಟು ಬೆಳಗುತ್ತದೆ.

ಇದರಲ್ಲಿ ನಮ್ಮ ತಪ್ಪೇನು ಎಂದು ನೀವು ಕೇಳಬಹುದು. ಸಭಾಮಂದಿರದ ಗೂಡಿನಲ್ಲಿ ಒಂದು ಪಿಂಗಾಣಿ ಬಟ್ಟಲಿದೆ. ಕಾಲುಗಲ್ಲಿನ ಬುಡದ ಹೂಳು ತೆಗೆಯುವಾಗ ಸಿಕ್ಕಿದ್ದು, ನಿಮ್ಮ ಕಾಲದ್ದು. ಹಿಡಿಕೆ ಮುರಿದಿದೆ. ಮೇಲೆ ಒಂದು ಕೆಂಪು ಹೃದಯದ ಚಿತ್ರ, ಕೆಳಗೆ ‘ಹೃದಯ ಹೇಳಿದಂತೆ ನಡೆ’ ಎಂಬ ಬರಹ. ನಮ್ಮ ಸಭೆ ಶುರುವಾಗುವುದು ಅದಕ್ಕೆ ಕೈಮುಗಿದು. ನೀವು ಅದರಲ್ಲಿ ಚಹಾ ಕುಡಿದು, ತೊಳೆದು, ಒಡೆದಾಗ ಹೊಳೆಗೆ ಎಸೆದು ಮರೆತಿರಿ. ಅಷ್ಟು ದೊಡ್ಡ ಮಾತನ್ನು ಅಷ್ಟು ಅಗ್ಗವಾಗಿ ಬಟ್ಟಲಿಗೆ ಅಂಟಿಸಿ ಎಸೆಯುವಾಗ, ಕೆಳಗೆ ಕುಡಿಯುವ ನೀರಿಗೆ ಕಾದವರಿದ್ದಾರೆ ಎಂದು ನಿಮಗೆ ಒಮ್ಮೆಯೂ ಅನ್ನಿಸಲಿಲ್ಲವೇ?

ಸುಳ್ಳು ಹೇಳಲಾರೆ, ಅಳತೆಯವಳು ನಾನು. ಆ ಮಾತು ಹುಟ್ಟಿದಾಗ ಒಳ್ಳೆಯದೇ ಆಗಿತ್ತು. ಜಾತಕ, ಜಾತಿ, ದೊರೆ, ಗುರು ಎಂದು ನಾಲ್ಕೂ ಕಡೆ ಗೋಡೆಯಿದ್ದಾಗ, ನನ್ನ ಎದೆಗೂ ಒಂದು ಮಾತಿದೆ ಎಂದು ಎದ್ದುನಿಂತವರು ನಿಮ್ಮ ಅಜ್ಜ ಅಜ್ಜಿಯರು. ಪರದೇಶದ ಆಳ್ವಿಕೆಯ ಎದುರು ಹಾಡು ಕಟ್ಟಿದರು, ಕಾಡನ್ನೂ ಕೋಗಿಲೆಯನ್ನೂ ಕಣ್ಣುಬಿಟ್ಟು ನೋಡಿದರು, ಒಲಿದವರನ್ನೇ ಮದುವೆಯಾದರು. ನಮ್ಮ ಮನೆತನ ಹುಟ್ಟಿದ್ದೂ ಅಂಥ ಮದುವೆಯಿಂದ. ಫಕೀರಪ್ಪನ ಗದ್ದುಗೆಯ ಮುಂದೆ ಎರಡು ಜಾತಿಯ ಇಬ್ಬರು ಹಾರ ಬದಲಿಸಿಕೊಂಡರು, ಊರು ಅವರನ್ನು ಹೊಳೆದಂಡೆಗೆ ಅಟ್ಟಿತು, ಅಲ್ಲಿ ಅವರು ಕಲ್ಲು ನೆಟ್ಟರು. ಅವರಿಗೆ ಎದೆಯೂ ಇತ್ತು, ಗೇಣೂ ಇತ್ತು. ನಿಮ್ಮ ಕಾಲಕ್ಕೆ ಬರುವಷ್ಟರಲ್ಲಿ ಗೋಡೆ ಅರ್ಧ ಬಿದ್ದಿತ್ತು, ಹಾಡು ಮಾತ್ರ ಉಳಿದಿತ್ತು. ನೀವು ಆ ಹಾಡನ್ನು ಅಂಗಡಿಯ ಬೋರ್ಡಿಗೆ ಬರೆದಿರಿ, ಚುನಾವಣೆಯ ವೇದಿಕೆಗೆ ಹತ್ತಿಸಿದಿರಿ. ಇವನು ಮನಬಿಚ್ಚಿ ಮಾತಾಡುತ್ತಾನೆ, ಇವನೇ ನಮ್ಮವನು ಎಂದು ವೋಟು ಹಾಕಿದಿರಿ. ಲೆಕ್ಕ ಹೇಳಿದವರನ್ನು ಕಲ್ಲೆದೆಯವರು ಎಂದಿರಿ. ನೆಲಕ್ಕೊಂದು ಆತ್ಮವಿದೆ ಎಂದವರ ಮಾತಿಗೆ ತಲೆದೂಗಿದಿರಿ, ಆ ಆತ್ಮದೊಳಗೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಎಂದು ಕೇಳುವಷ್ಟರಲ್ಲಿ ಪಟ್ಟಿ ತಯಾರಾಗಿತ್ತು.

ನಮ್ಮ ಪಟ್ಟಿಯಲ್ಲಿ ಹೊಳೆಯಾಚೆಯವರಿಲ್ಲ. ಅವರೂ ಇದೇ ನೀರು ಕುಡಿಯುತ್ತಾರೆ, ಇದೇ ಜೋಳ ತಿನ್ನುತ್ತಾರೆ, ಆದರೆ ಅವರಲ್ಲಿ ನೆಲದಾತ್ಮವಿಲ್ಲವಂತೆ. ಮೇಲಿನ ಊರುಗಳಿಂದ ನೀರಿನ ಸುದ್ದಿ ಮೊದಲು ಮುಟ್ಟುವುದು ಅವರಿಗೆ. ಕಹಳೆ ಊದಿ ನಮಗೆ ತಿಳಿಸುತ್ತಾರೆ. ಸಭೆ ಅದನ್ನು ಗದ್ದಲ ಎಂದು ದಾಖಲಿಸುತ್ತದೆ.

ಹೋದ ವರ್ಷದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅದನ್ನು ಬರೆಯಲು ಕೈ ಬಾರದೆ.

ಅವತ್ತು ಬೆಳಿಗ್ಗೆ ಆಚೆ ದಡದಲ್ಲಿ ಕಹಳೆ ಆರು ಸಲ ಕೂಗಿತು, ಆರು ಎಂದರೆ ನೀರು ಹಣೆಗಲ್ಲು ದಾಟಲಿದೆ ಎಂದು ಅರ್ಥ. ನೀರು ಹಣೆಗೆ ಒಂದು ಗೇಣು ಇತ್ತು. ನಾನು ಸಭೆಗೆ ಓಡಿದೆ, ಮಿಡಿಗೋಲು ಹಿಡಿದು ಮೂರು ಸಲ ಹೇಳಿದೆ. ಕೋಲು ಮಿಣುಕಲಿಲ್ಲ. ನಲವತ್ತು ವರ್ಷ ದನಿಯನ್ನು ಮಟ್ಟವಾಗಿ ಇಡಲು ಕಲಿತವಳ ಕೈಯಲ್ಲಿ ಅದು ಯಾಕೆ ಬೆಳಗುತ್ತದೆ? ತುಡಿತರಾಜ ಪ್ರೀತಿಯಿಂದಲೇ ಹೇಳಿದ: “ಫಕೀರವ್ವಾ, ನಿನ್ನ ಮಾತು ಖರೇನ ಇರಬಹುದು. ಆದ್ರ ಎದಿಗೆ ತಾಗವಲ್ದು.” ಕೂಡಿದವರೆಲ್ಲ ಹೌದು ಹೌದು ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಹಂಬಲೇಶ ಎದ್ದ. ಅವನು ನಮ್ಮೂರ ಒಂಟಿಗ. ಒಂಟಿಗ ಎಂದರೆ ಗುಡ್ಡದ ಮೇಲೆ ಒಬ್ಬನೇ ಕೂತು ಊರಿನ ಪರವಾಗಿ ನೋಯುವ ಕಲಾವಿದ. ಅವನಿಗೆ ರೊಟ್ಟಿ, ಪಲ್ಯ, ಎಣ್ಣೆ ಎಲ್ಲ ಊರೇ ಒಯ್ದು ಕೊಡುತ್ತದೆ, ಕೊಟ್ಟವರು ಮಾತಾಡದೆ ಇಳಿದು ಬರಬೇಕು, ಇಲ್ಲದಿದ್ದರೆ ಒಂಟಿತನ ಕೆಡುತ್ತದೆ. ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಕಟ್ಟಿದ ಬೀಸುವ ಪದಗಳನ್ನು ಕೆಳಗಿನಿಂದ ಕೇಳಿಸಿಕೊಂಡು, ಅವು ತನ್ನ ಎದೆಯಲ್ಲಿ ಹುಟ್ಟಿದವು ಎಂದು ಸಹಿ ಹಾಕಿಕೊಂಡ ಪುಣ್ಯಾತ್ಮ. ಅವನು ಕೋಲು ಹಿಡಿದು, ಹೊಳೆ ಬರುತ್ತಿರುವುದು ನಮ್ಮನ್ನು ಅಪ್ಪಿಕೊಳ್ಳಲು, ತಾಯಿಗೆ ಗೇಣು ಹಿಡಿದು ಅಳೆಯುತ್ತೀರಾ, ಎಂದು ಹಾಡಿದ. ಮಂದಿರದ ತುಂಬ ಬೆಳಕು. ನನ್ನ ಅಳತೆಯ ಚೀಟಿಯ ಮೇಲೆ ಬೂದು ಮುದ್ರೆ ಒತ್ತಿದರು. ಒಣ. ಹಣೆ ಮುಟ್ಟಲಿದ್ದ ನೀರಿನ ಸುದ್ದಿಯ ಮೇಲೆ ಒಣ ಎಂದು ಬರೆದ ಕೈಗಳಿಗೆ ಏನೆನ್ನಲಿ?

ಊರು ನಿಂತಲ್ಲೇ ನಿಂತಿತು. ನಾನು, ನನ್ನ ಗಂಡ ಗುದ್ಲೆಪ್ಪ, ಕೆಂಚವ್ವ, ನಮ್ಮ ಮಾತು ಕೇಳಿದ ಹತ್ತು ಮನೆಯವರು ದಿಬ್ಬ ಹತ್ತಿದೆವು. ಗುದ್ಲೆಪ್ಪ ನೆರೆಮನೆಯ ಮುದುಕಿಯನ್ನು ಹೊತ್ತು ತಂದಿದ್ದ. ಅವಳ ಊರುಗೋಲು ಮನೆಯಲ್ಲೇ ಉಳಿದಿತ್ತು. ಕೋಲಿಲ್ಲದೆ ತಾನು ಬಯಲಿಗೂ ಹೋಗಲಾರೆ ಎಂದು ಮುದುಕಿ ಗೊಣಗುತ್ತಿದ್ದಳು. ನಾನು ಒಲೆ ಹೂಡಿ ಚಹಾಕ್ಕೆ ಇಟ್ಟಿದ್ದೆ. ಗುದ್ಲೆಪ್ಪನಿಗೆ ನೆಗಡಿ, ಎರಡು ಸಲ ಸೀನಿದ, ಮೂಗು ಒರೆಸಿಕೊಂಡ. “ಚಾ ಇಳಿಸಿಡು, ಮುದುಕಿ ಕೋಲು ತಂದ್ ಬಿಡ್ತೀನಿ” ಎಂದು ಇಳಿದು ಹೋದ. ಕೆಸರಲ್ಲಿ ಕಾಲು ಜಾರಿತು. ಆ ಹೊತ್ತಿಗೇ ನೀರು ಓಣಿಗೆ ನುಗ್ಗಿತು. ನಾನು ಚಹಾ ಇಳಿಸಿಟ್ಟಿದ್ದೆ. ಎರಡು ದಿನದ ಮೇಲೆ ಅವನನ್ನು ದೋಣಿಯಲ್ಲಿ ತಂದುಕೊಟ್ಟವರು ಹೊಳೆಯಾಚೆಯವರು, ಆತ್ಮವಿಲ್ಲದವರು. ಅವನ ಮುಖ ತೊಳೆದು, ಮೈಮೇಲೆ ತಮ್ಮದೊಂದು ಕಂಬಳಿ ಹೊದಿಸಿದ್ದರು. ಊರಲ್ಲಿ ಒಟ್ಟು ಏಳು ಜನ ಹೋದರು.

ಬರೆಯುವುದನ್ನು ನಿಲ್ಲಿಸಿ ಹೋಗಿ ನೋಡಿಬಂದೆ. ಸೊಂಟಕ್ಕೆ ನಾಲ್ಕು ಬೆರಳು. ಸೀರೆ ಒದ್ದೆಯಾಗಿದೆ, ಅಕ್ಷರ ಅಲ್ಲಲ್ಲಿ ಕದಡಿದರೆ ಅದು ಕಣ್ಣೀರು ಎಂದು ಅಂದುಕೊಳ್ಳಬೇಡಿ.

ನೆರೆ ಇಳಿದ ಮೇಲೆ ಸಭಾಮಂದಿರದ ಗೋಡೆಗೆ ಹಂಬಲೇಶ ಒಂದು ಚಿತ್ರ ಬರೆದ. ಗುದ್ಲೆಪ್ಪ ಎರಡೂ ಕೈ ಚಾಚಿ, ಮುಖದಲ್ಲಿ ಬೆಳಕು ತುಂಬಿಕೊಂಡು ಹೊಳೆಗೆ ಹಾರುತ್ತಿದ್ದಾನೆ. ಬೋಳುತಲೆಯವನಿಗೆ ಗಾಳಿಯಲ್ಲಿ ಹಾರುವ ಕೂದಲು. ಮೂಗು ಸೋರುತ್ತಿಲ್ಲ. ಕೆಳಗೆ ಅವನ ಕೊನೆಯ ಮಾತು ಎಂದು ಬರೆದಿದ್ದಾರೆ: ‘ತಾಯಿ ಹೊಳೆಯೇ, ನಿನ್ನ ಪ್ರೇಮಕ್ಕೆ ಈ ದೇಹ ಅರ್ಪಣೆ.’ ನನ್ನ ಗಂಡ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಪ್ರೇಮ ಎಂಬ ಪದವನ್ನು ಒಮ್ಮೆಯೂ ಆಡಿದವನಲ್ಲ. ಚಹಾ ಆರಿಹೋಗುತ್ತದೆ ಎಂದು ಲೋಟದ ಮೇಲೆ ತಟ್ಟೆ ಮುಚ್ಚಿ ಇಡುತ್ತಿದ್ದ, ಅಷ್ಟೇ. ಅವನ ಸಾವಿಗೆ ಕಾರಣ ಒಂದು ಬೂದು ಮುದ್ರೆ. ಚಿತ್ರದಲ್ಲಿ ಮುದ್ರೆಯಿಲ್ಲ, ಮುದುಕಿಯಿಲ್ಲ, ಊರುಗೋಲಿಲ್ಲ. ಜನ ಅದರ ಮುಂದೆ ನಿಂತು ಅಳುತ್ತಾರೆ, ಅತ್ತು ಹಗುರಾಗಿ ಮನೆಗೆ ಹೋಗಿ ಉಣ್ಣುತ್ತಾರೆ. ಅನ್ಯಾಯವನ್ನು ಚೆಂದ ಮಾಡಿಬಿಟ್ಟರೆ ಅದನ್ನು ಕೇಳುವವರೇ ಇರುವುದಿಲ್ಲ ಎಂದು ನನಗೆ ಅಲ್ಲಿ ನಿಂತಾಗ ತಿಳಿಯಿತು.

ಈ ವರ್ಷ ಯುಗಾದಿಯ ಹೊತ್ತಿಗೆ ಇನ್ನೊಂದು ಪ್ರಸ್ತಾವ ಬಂತು. ಕಲ್ಲುಗಳು ಹೊಳೆಯ ಸ್ವಚ್ಛಂದಕ್ಕೆ ಅವಮಾನವಂತೆ, ಕಿತ್ತುಹಾಕಬೇಕಂತೆ. ನನ್ನ ಅಭಿಪ್ರಾಯ ಹೇಳಲು ಸಭೆಗೆ ಕರೆದರು. ಕೋಲು ಬೆಳಗಿದರೆ ಕಲ್ಲು ಉಳಿಯುತ್ತವೆ, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ನಡುಕದ ಗುರುಗಳಿದ್ದಾರೆ. ಎದೆಯಿಂದ ಸಹಜವಾಗಿ ಮಾತು ಬರಿಸುವುದು ಹೇಗೆ ಎಂದು ಆರು ವಾರದಲ್ಲಿ ಕಲಿಸುತ್ತಾರೆ. ಒಬ್ಬರು ತಾವಾಗಿಯೇ ಮನೆಗೆ ಬಂದರು, ನಾನು ಬಾಗಿಲಿಂದಲೇ ಕಳಿಸಿದೆ. ಕೆಂಚವ್ವ ಕೈಹಿಡಿದುಕೊಂಡಳು: “ವೈನೀ, ಒಂದ್ ಹನಿ ಕಣ್ಣೀರ ಹಾಕಿದ್ರ ನಿನ್ನ ಗಂಟೇನ್ ಹೋಕ್ಕೈತಿ? ಕಲ್ಲರ ಉಳೀತಾವು.”

ಅವಳಿಗೆ ಗೊತ್ತಿಲ್ಲದೆ ಹುಣ್ಣಿಗೇ ಕೈ ಇಟ್ಟಿದ್ದಳು. ಅವತ್ತು ಸಭೆಯಲ್ಲಿ ಒಂದೇ ಒಂದು ಅಯ್ಯೋ ಸೇರಿಸಿದ್ದರೆ ಗುದ್ಲೆಪ್ಪ ಇರುತ್ತಿದ್ದನೇ? ಏಳೂ ಜನ ಇರುತ್ತಿದ್ದರೇ? ಈ ಪ್ರಶ್ನೆಯ ಜೊತೆ ನಾನು ಒಂದು ವರ್ಷ ಉಂಡಿದ್ದೇನೆ, ಮಲಗಿದ್ದೇನೆ. ನೀವು ನಮಗೆ ಬಿಟ್ಟುಹೋದ ಲೋಕ ಇದು: ನಿಜ ಹೇಳಿದವಳು ಗಂಡನನ್ನು ಕೊಂದವಳಂತೆ ತಲೆತಗ್ಗಿಸಬೇಕು.

ಅಳುವುದಿಲ್ಲ ಎಂದು ನಿಶ್ಚಯಿಸಿಯೇ ಹೋದೆ. ವಾದ ಮಾಡಲಿಲ್ಲ. ನೆರೆ ಬಂದ ದಿನದ ಅಳತೆಯನ್ನೇ ಮತ್ತೆ ಹೇಳಿದೆ. ಹಣೆಗೆ ಒಂದು ಗೇಣು. ಹಣೆಗೆ ಒಂದು ಗೇಣು. ಮೂರನೆಯ ಸಲ ಗೋಡೆಯ ಮೇಲಿನ ಆ ಚಿತ್ರ ಕಣ್ಣಿಗೆ ಬಿತ್ತು. ಆ ಸುಳ್ಳು ಕೂದಲು. ದನಿ ನನ್ನ ಮಾತು ಕೇಳಲಿಲ್ಲ, ಒಡೆದುಹೋಯಿತು. ನಲವತ್ತು ವರ್ಷದಲ್ಲಿ ಮೊದಲ ಸಲ. ಕೋಲು ಧಗ್ಗನೆ ಬೆಳಗಿತು. ಸಭೆಯೇ ಎದ್ದುನಿಂತು ಚಪ್ಪಾಳೆ ತಟ್ಟಿತು. ಹಂಬಲೇಶ ಬಂದು ನನ್ನ ಪಾದ ಮುಟ್ಟಿದ. ಕೆಂಪು ಮುದ್ರೆ ಬಿತ್ತು.

ಕಲ್ಲು ಉಳಿದವು. ಹೇಗೆ ಉಳಿದವು ಗೊತ್ತೇ? ಮೂರಕ್ಕೂ ಕುಂಕುಮ ಬಳಿದರು, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಹೂವಿನ ಬಳ್ಳಿಯ ಚಿತ್ರ. ಬೆರಳಿನ ಗೆರೆಗಳೆಲ್ಲ ಮುಚ್ಚಿಹೋದವು. ಸುತ್ತ ಕಟಕಟೆ ಹಾಕಿ, ‘ಫಕೀರವ್ವನ ಅಳಲು’ ಎಂದು ಹೆಸರಿಟ್ಟರು. ಹತ್ತಿರ ಹೋಗಿ ಅಳೆಯುವುದು ಈಗ ಅಪರಾಧ, ಅಳಲಿಗೆ ಅಪಚಾರವಂತೆ. ಕಿತ್ತಿದ್ದರೆ ಮತ್ತೆ ನೆಡಬಹುದಿತ್ತು. ಪೂಜೆಗೆ ಇಟ್ಟ ಕಲ್ಲನ್ನು ಏನು ಮಾಡಲಿ?

ಅದಕ್ಕೇ ಈಗ ನಾನೇ ಕಲ್ಲು. ಮಳೆಗಾಲ ಶುರುವಾದಾಗಿನಿಂದ ನಡುವಿಗೆ ಹಗ್ಗ ಕಟ್ಟಿಕೊಂಡು ಚಪ್ಪಡಿಯ ಮೇಲೆ ಇಳಿದು ನಿಲ್ಲುತ್ತೇನೆ. ಹಗ್ಗದ ಇನ್ನೊಂದು ತುದಿ ಬೇವಿನ ಮರಕ್ಕೆ ಸುತ್ತಿ ಕೆಂಚವ್ವನ ಕೈಯಲ್ಲಿರುತ್ತದೆ. ನೀರು ನನ್ನ ಪಾದಕ್ಕೆ, ಮೊಣಕಾಲಿಗೆ, ಸೊಂಟಕ್ಕೆ ಬಂದಂತೆ ಕೂಗುತ್ತೇನೆ. ನಮ್ಮೂರು ಕೇಳಿಸಿಕೊಳ್ಳುವುದಿಲ್ಲ. ಆಚೆ ದಡದಲ್ಲಿ ಮಾತ್ರ ಯಾರೋ ಒಬ್ಬ ಹೆಂಗಸು ಅದೇ ಅಳತೆಯನ್ನು ತಿರುಗಿ ಕೂಗುತ್ತಾಳೆ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಅವಳ ಮುಖ ನಾನು ಕಂಡಿಲ್ಲ. ಈ ಲೋಕದಲ್ಲಿ ನನ್ನನ್ನು ತಬ್ಬಿಕೊಂಡು ಸಂತೈಸಿದವರು ಬಹಳ ಜನ, ನನ್ನ ಮಾತು ಕೇಳಿದವಳು ಅವಳೊಬ್ಬಳೇ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಹಾಡಿರಿ, ಒಲಿಯಿರಿ, ಸೂರ್ಯಾಸ್ತ ನೋಡಿರಿ, ನಾನು ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಕಾಲದಲ್ಲೂ ಎಲ್ಲೋ ಒಬ್ಬರು ಮಟ್ಟದ ದನಿಯಲ್ಲಿ ಒಂದು ಅಂಕಿ ಹೇಳುತ್ತಿರುತ್ತಾರೆ. ಅವರ ದನಿ ನಡುಗಲಿಲ್ಲ ಎಂದು ಎದ್ದುಹೋಗಬೇಡಿ. ನಮಗೊಂದು ಅಳತೆಯನ್ನು ಎಲ್ಲಾದರೂ ಕೊರೆದಿಡಿ, ಬಣ್ಣ ಹತ್ತದ ಕಡೆ, ಹಾರ ಹಾಕಲು ಬಾರದ ಕಡೆ. ಅದರ ಮುಂದೆ ಅಯ್ಯೋ ಎಂದು ಬರೆಯಬೇಡಿ. ನೀರು ಇಳಿದ ಮೇಲೆ ಆ ಬಟ್ಟಲು ಸಿಕ್ಕ ಜಾಗದಲ್ಲೇ ಈ ಕಾಗದವನ್ನು ಹೂಳುತ್ತೇನೆ. ಅದು ಬಂದ ದಾರಿಯಲ್ಲೇ ಇದು ನಿಮ್ಮ ಕಡೆಗೆ ಹೋಗಲಿ.

ಕಹಳೆ ಕೂಗುತ್ತಿದೆ. ಎಣಿಸಿದೆ, ಆರು. ಕೆಂಚವ್ವ ಗಂಟು ಕಟ್ಟಿ, ನೆರೆಮನೆಯ ಮುದುಕಿಯ ಕೈಗೆ ಕೋಲು ಕೊಟ್ಟು ನಿಲ್ಲಿಸಿದ್ದಾಳೆ. ಈಗಷ್ಟೇ ಚಪ್ಪಡಿಯಿಂದ ಹತ್ತಿಬಂದೆ. ಇನ್ನು ಓಣಿಗೆ ಹೋಗುತ್ತೇನೆ, ಬಾಗಿಲು ತೆರೆದವರಿಗೆ ಹೇಳುತ್ತೇನೆ, ತೆರೆಯದವರ ಬಾಗಿಲಿಗೂ ಹೇಳುತ್ತೇನೆ. ನಿಮಗೆ ಮೊದಲು ಹೇಳಿಬಿಡುತ್ತೇನೆ, ಕೇಳಿಸಿಕೊಳ್ಳಿ.

ಹಣೆಗೆ ಎರಡು ಗೇಣು.

ಹಣೆಗೆ ಎರಡು ಗೇಣು.

ಹಣೆಗೆ ಎರಡು ಗೇಣು.